ರೆಕಾರ್ಡಿನ ಎರಡನೆಯ ಮಗ್ಗುಲು

ರೆಕಾರ್ಡಿನ ಹೊದಿಕೆಯ ಮೇಲಿನ ಚಿತ್ರ ಕಪ್ಪು ಬಿಳುಪಿನದು. ವೇದಿಕೆಯ ಮೇಲೆ ಜಮಖಾನೆ ಹಾಸಿದೆ. ಅದರ ಒಂದು ಮೂಲೆ ಮಡಚಿಕೊಂಡಿದೆ. ನಡುವೆ ಪಂಡಿತರು ಕಣ್ಣು ಮುಚ್ಚಿ ಕುಳಿತಿದ್ದಾರೆ. ಅವರ ಎಡಗೈ ಬೆರಳು ಸಿತಾರಿನ ತಂತಿಯನ್ನು ಪಕ್ಕಕ್ಕೆ ಎಳೆದು ಹಿಡಿದಿದೆ. ಆ ಎಳೆತ ಮುಗಿದಿಲ್ಲ, ಮುಗಿಯುವುದೂ ಇಲ್ಲ. ತಬಲಾದವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕಾಯುತ್ತಿದ್ದಾರೆ. ಹಿಂದೆ ತಂಬೂರಿಯ ಕತ್ತು ಮಾತ್ರ ಕಾಣುತ್ತದೆ, ಹಿಡಿದವರ ಮುಖ ನೆರಳಿಗೆ ಸಂದಿದೆ. ಎಲ್ಲರೂ ಮುಂದಿನ ಸ್ವರಕ್ಕಾಗಿ ಕಾಯುತ್ತಿರುವಂತೆ ತೋರುತ್ತದೆ.

ಆ ಕಛೇರಿ ನಡೆದದ್ದು ೧೯೭೪ರಲ್ಲಿ, ಬೆಳಗಾವಿಯ ನಮ್ಮ ಸಂಗೀತ ಮಂಡಳಿಯ ಆಶ್ರಯದಲ್ಲಿ. ಆಗ ನಾನು ಕಾರ್ಯದರ್ಶಿ. ಮುಂಬಯಿಯ ಸಣ್ಣ ಕಂಪನಿಯೊಂದರವರು ಯಂತ್ರಗಳನ್ನು ತಂದು ಎಲ್ಲವನ್ನೂ ಮುದ್ರಿಸಿಕೊಂಡು ಹೋಗಿದ್ದರು. ರೆಕಾರ್ಡು ಹೊರಬರಲು ಏಳು ವರ್ಷ ಬೇಕಾಯಿತು. ಅಷ್ಟರಲ್ಲಿ ಮಂಡಳಿ ಮುಚ್ಚಿತ್ತು, ನಾನು ಶಾಲೆಯಿಂದ ನಿವೃತ್ತನಾಗಿದ್ದೆ, ಹೆಂಡತಿ ಗೌರವ್ವ ತೀರಿಕೊಂಡಿದ್ದಳು. ಶಿವಬಸವ ನಗರದ ಮನೆಯಲ್ಲಿ ನಾನು, ಎರಡು ಕಪಾಟು ಕವಿತೆ, ಒಂದು ರೆಕಾರ್ಡ್ ಪ್ಲೇಯರು.

ಬಂದವರಿಗೆಲ್ಲ ನಾನು ಎರಡನೆಯ ಮಗ್ಗುಲನ್ನು ಕೇಳಿಸುತ್ತಿದ್ದೆ. ಅದರ ಆರಂಭದಲ್ಲಿ ನನ್ನ ದನಿಯಿದೆ. ಹಾಲಿನ ಸಾತವ್ವನೂ ಒಮ್ಮೆ ಚರಿಗೆ ಹಿಡಿದು ನಿಂತು ಕೇಳಿ, "ನಿಮ್ಮ ದನಿ ಆಗ ಛಲೋ ಇತ್ತರಿ," ಎಂದಿದ್ದಳು. ಆ 'ಆಗ' ನನ್ನನ್ನು ಬಹಳ ದಿನ ಕಾಡಿತು.

೧೯೮೨ರ ಜನವರಿಯಲ್ಲಿ ಖಾನಾಪುರದಿಂದ ನೇಮಣ್ಣನವರ ಕಾರ್ಡು ಬಂತು. "ಆ ಕಛೇರಿಯ ರೆಕಾರ್ಡು ತಮ್ಮಲ್ಲಿದೆಯೆಂದು ತಿಳಿಯಿತು. ಅಂದು ಕೆಟ್ಟದ್ದು ನನ್ನ ಕೈಯೋ ಅಲ್ಲವೋ, ಒಮ್ಮೆ ಕೇಳಿ ತಿಳಿದುಕೊಳ್ಳಬೇಕು. ರವಿವಾರ ಬರುತ್ತೇನೆ."

ನೇಮಣ್ಣನವರಿಗೆ ಬೆಳಗಾವಿಯಲ್ಲಿ ವಾದ್ಯ ದುರಸ್ತಿಯ ಅಂಗಡಿಯಿತ್ತು. ಸಿತಾರಿನ ತಂತಿಗಳು ಹಾಯ್ದು ಹೋಗುವ ಕೊಂಬಿನ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದನ್ನು ಕೂದಲೆಳೆಯ ಲೆಕ್ಕದಲ್ಲಿ ಉಜ್ಜಿ ನಾದವನ್ನು ತೆರೆಯುವ ಕೆಲಸಕ್ಕೆ ಜವಾರಿ ಎಂದು ಹೆಸರು. ಪಂಡಿತರ ಸಿತಾರಿಗೆ ಅಂದು ಜವಾರಿ ಮಾಡಿದವರು ಅವರೇ. ಕಛೇರಿಯ ಮೊದಲ ಭಾಗ ಚೆನ್ನಾಗಿ ನಡೆಯಿತು. ಮಧ್ಯಂತರದ ನಂತರ ತಂತಿಯ ದನಿ ಮುಚ್ಚಿಕೊಂಡಿತು. ಪಂಡಿತರು ಕರವಸ್ತ್ರದಿಂದ ಒರೆಸಿ ನೋಡಿದರು, ಮುಖ ಗಂಟಿಕ್ಕಿ ಹೇಗೋ ಮುಗಿಸಿದರು, ಅಂದಿನ ರಾತ್ರಿಯ ಗಾಡಿಗೇ ಹೊರಟುಹೋದರು. ನಾನು ಇಪ್ಪತ್ತು ಜನರೆದುರು ನೇಮಣ್ಣನವರಿಗೆ, "ನಿನ್ನ ಕೈ ನಮ್ಮ ಊರಿನ ಮಾನಾ ಕಳೀತು," ಎಂದೆ. ಅದುವರೆಗೆ ಎಂದೂ ಅವರನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ. ಆ ಮಾತು ಊರೆಲ್ಲ ತಿರುಗಿತು. ಅವರಲ್ಲಿಗೆ ವಾದ್ಯಗಳು ಬರುವುದು ನಿಂತಿತು. ವರ್ಷದೊಳಗೆ ಅಂಗಡಿ ಮುಚ್ಚಿ ಅವರು ಖಾನಾಪುರ ಸೇರಿದರು.

ರವಿವಾರ ಮಧ್ಯಾಹ್ನ ಬಂದರು. ಬಿಳಿ ಟೊಪ್ಪಿಗೆ, ಕೈಯಲ್ಲೊಂದು ಬಟ್ಟೆಯ ಚೀಲ.

"ಬರ್ರಿ ನೇಮಣ್ಣ, ಕುಂದರ್ರಿ. ಗಾಡಿ ವ್ಯಾಳ್ಯಾಕ್ಕ ಬಂತೇನ?"

"ಲೋಂಡಾದ ಗಾಡಿ ಯಾವಾಗ ವ್ಯಾಳ್ಯಾಕ್ಕ ಬಂದೈತ್ರಿ ಮಾಸ್ತರ? ಅದು ವ್ಯಾಳ್ಯಾಕ್ಕ ಬಂದ್ರ ನಮ್ಮ ಮಂದಿ ನಿನ್ನೀ ಗಾಡಿ ಅಂತ ತಿಳಕೋತಾರ."

ಈಗೇನು ಕೆಲಸವೆಂದು ಕೇಳಿದೆ.

"ಹಂಚಿನ ಕಾರ್ಖಾನ್ಯಾಗ ಅದೀನ್ರಿ. ಭಟ್ಟಿಯಿಂದ ತಗದ ಹಂಚು ಒಂದೊಂದ ಬಡದು ಕೇಳೂದು. ಬಿರಕ ಬಿಟ್ಟಿದ್ದು ಬ್ಯಾರೆ ದನಿ ಕೊಡತೈತಿ, ಅದನ್ನ ತಗದು ಬಾಜೂಕ ಒಗಿಯೂದು." ಸ್ವಲ್ಪ ನಕ್ಕರು. "ದಿನಾ ಕಛೇರಿ. ಟಿಕೀಟ ಇಲ್ಲ."

ಮೊದಲ ಮಗ್ಗುಲನ್ನು ಹಚ್ಚಿದೆ. ಅವರು ಕುರ್ಚಿ ಬಿಟ್ಟು ಸ್ಪೀಕರಿನ ಹತ್ತಿರ ನೆಲದ ಮೇಲೆ ಕುಳಿತರು. ಆಲಾಪ ಆರಂಭವಾಯಿತು. ಪ್ರತಿಯೊಂದು ಸ್ವರವೂ ಹುಟ್ಟಿ, ಬೆಳಗಿ, ತನ್ನ ಹಿಂದೆ ಒಂದು ಸಣ್ಣ ಹೊಳಪನ್ನು ಎಳೆದುಕೊಂಡು ಹೋಗುತ್ತಿತ್ತು. ಇಪ್ಪತ್ತೆರಡು ನಿಮಿಷ ಅವರು ಅಲುಗಲಿಲ್ಲ. ಮುಗಿದ ಮೇಲೆ ಅಂಗೈಯನ್ನು ಮೊಣಕಾಲಿಗೆ ಉಜ್ಜಿಕೊಂಡು, "ಕೈ ಛಲೋ ಇತ್ರಿ," ಎಂದರು, ತೀರಿಹೋದ ಯಾರ ಬಗೆಗೋ ಹೇಳುವವರಂತೆ.

"ಈಗ ಕೇಳ್ರಿ, ಮಜಾ ಐತಿ," ಎಂದು ರೆಕಾರ್ಡನ್ನು ಮಗುಚಿದೆ.

ಮೊದಲು ಜನರ ಗುಜುಗುಜು. ಆಮೇಲೆ ಗಂಟೆಯ ಸದ್ದು. ಆಮೇಲೆ ನನ್ನ ದನಿ, ಗಟ್ಟಿಯಾಗಿ, ತುಂಬಿಕೊಂಡು: ಎಲ್ಲರೂ ಎರಡು ನಿಮಿಷ ಎದ್ದು ನಿಲ್ಲಬೇಕು. ನಾನು ಅವರ ಮುಖ ನೋಡುತ್ತಿದ್ದೆ. ಚಪ್ಪಾಳೆ ಬಿತ್ತು, ತಬಲಾ ಜೊತೆಗೂಡಿ ಗತ್ ಆರಂಭವಾಯಿತು. ತಂತಿಯ ದನಿ ಕಂಬಳಿ ಹೊದ್ದುಕೊಂಡಂತೆ ಮಂಕಾಗಿತ್ತು. ನೇಮಣ್ಣ ಕೈಯೆತ್ತಿದರು.

"ಹಿಂದ ಇಡ್ರಿ. ಗಂಟೀಕಿಂತಾ ಮೊದಲಿಂದ."

ಮುಳ್ಳನ್ನು ಹಿಂದಿಟ್ಟೆ. ಗಂಟೆ, ನನ್ನ ದನಿ, ಚಪ್ಪಾಳೆ, ಮಂಕು ತಂತಿ.

"ಮಧ್ಯಂತರದಾಗ ನಾ ಹೊರಗ ಚಾ ಕುಡ್ಯಾಕ ಹೋಗಿದ್ದೆ. ಈ ಗಂಟಿ ಎದರದು?"

"ವಾದ್ಯಪೂಜೀದು. ಅಧ್ಯಕ್ಷರ ಎದುರಿಗೆ ಪೂಜಿ ಆಗಬೇಕು ಅಂತ ನಮ್ಮ ಮಂಡಳಿ ಪದ್ಧತಿ ಇತ್ತಲ್ಲ. ಆವತ್ತ ತಾತ್ಯಾಸಾಹೇಬ್ರು ಬರೂದು ತಡಾ ಆತು, ನಡುವ ಮಾಡಿದ್ವಿ."

"ಪೂಜಿ ಅಂದ್ರ ಏನೇನ ಮಾಡಿದ್ರಿ?"

"ನೀರು ಚಿಮುಕಿಸಿ ವಿಭೂತಿ ಹಚ್ಚಿದೆ. ಹೂವ ಏರಿಸಿದೆ. ಯಾವಾಗಲೂ ತಬಲಾಕ್ಕ, ಬಾಜಾ ಪೇಟಿಗೆ ಮಾಡತಿದ್ನಲ್ಲ, ಹಂಗ."

"ಎಲ್ಲೆಲ್ಲಿ ಹಚ್ಚಿದ್ರಿ?"

ಸಿತಾರು ಎದುರಿಗೇ ಮಲಗಿದೆಯೆಂಬಂತೆ ಮೂರು ಬೆರಳು ಜೋಡಿಸಿ ಗಾಳಿಯಲ್ಲಿ ತೋರಿಸಿದೆ: ಕತ್ತಿಗೊಂದು, ಬುರುಡೆಗೊಂದು, ತಂತಿಗಳ ಕೆಳಗೆ ಆ ಬೆಳ್ಳಗಿನ ಕೊಂಬಿನ ಪಟ್ಟಿಗೊಂದು. ಕೈ ಅಲ್ಲೇ ನಿಂತುಬಿಟ್ಟಿತು. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ನೇಮಣ್ಣ ದನಿ ಏರಿಸಲಿಲ್ಲ. "ಆ ಜಾಗಾ ತಗ್ಯಾಕ ನನಗ ಎರಡು ದಿನಾ ಹಿಡದಿತ್ತು. ತಂತಿ ಅಲ್ಲಿ ಮುಟ್ಟಿಯೂ ಮುಟ್ಟಧಾಂಗ ಆಡಬೇಕ್ರಿ. ಹಸೀ ವಿಭೂತಿ ತಂತೀ ಬುಡಕ ಹೋಗಿ ಕುಂತ್ರ ಆಡೂದು ಎಲ್ಲಿಂದ? ಮ್ಯಾಲೆ ಒರಿಸಿದ್ರ ಹೋಗಂಗಿಲ್ಲ ಅದು."

ರೆಕಾರ್ಡಿನಲ್ಲಿನ ನನ್ನ ದನಿಯನ್ನು ಕೇಳಲೆಂದು ನಾನೇ ಎಷ್ಟು ಸಲ ಮುಳ್ಳಿಟ್ಟಿದ್ದೆ! ಅದರ ಬೆನ್ನಿಗೇ ಹತ್ತಿಕೊಂಡು ಬರುತ್ತಿದ್ದ ತಂತಿಯನ್ನು ಒಂದು ಸಲವೂ ಕೇಳಿರಲಿಲ್ಲ.

"ನಂದ ತಪ್ಪು ನೇಮಣ್ಣ," ಎಂದೆ. "ಪೇಪರಿಗೆ ಬರೀತೀನಿ. ತಾತ್ಯಾಸಾಹೇಬ್ರ ಮುಂದ ಹೇಳ್ತೀನಿ."

"ಅವ್ರು ಹೋಗಿ ಎರಡು ವರ್ಷ ಆತಲ್ರಿ."

"ಮತ್ತ ಅಂಗಡಿ ತಗೀರಿ. ನಾ ಮಂದಿನ್ನ ಕಳಸ್ತೀನಿ."

ಅವರು ಬಲಗೈಯನ್ನು ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಕೈ ನಡಗತಿರಬೇಕು ಅಂತ ತಿಳದು ಕುದರಿ ಉಜ್ಜೂ ಕಾನಸ ಮುಟ್ಟೂದು ಬಿಟ್ಟೆ. ಆಗ ನಡಗತಿದ್ದಿಲ್ಲ ಅಂತ ಇವತ್ತ ಗೊತ್ತಾತು. ಈಗ ಖರೇನ ನಡಗತಾವ."

ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ನೇಮಣ್ಣ ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರೆಂದು ಬೆಳಿಗ್ಗೆಯೇ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಒಂದೂ ಹಾಕದೆ ಅಡಿಗೆ ಮಾಡಿಟ್ಟಿದ್ದೆ. ಎರಡು ತಾಟು ತೊಳೆದಿಟ್ಟು ಎಷ್ಟು ವರ್ಷವಾಗಿತ್ತೋ.

"ಒಂದೀಟು ಉಂಡ ಹೋಗ್ರಿ. ಹೊತ್ತು ಇನ್ನೂ ಅದ."

ಅವರು ಕಿಟಕಿಯತ್ತ ನೋಡಿದರು. "ಹೊತ್ತು ಅದರಿ. ಆದ್ರ ಇವತ್ತ ಒಲ್ಲೆ."

ಚಪ್ಪಲಿ ಮೆಟ್ಟಿದರು. ಚೀಲ ಹೆಗಲಿಗೇರಿಸಿದರು.

"ಮಾಸ್ತರ, ಯಾರರ ಬಂದಾಗ ರೆಕಾರ್ಡ ಹಚ್ಚತೀರಲ್ಲ, ಆವಾಗ ಒಂದ ಮಾತು ಹೇಳ್ರಿ. ಗಂಟಿ ಬಾರ್ಸೂ ತನಕಾ ಇದು ನೇಮಣ್ಣನ ಕೈ ಅಂತ."

"ಹೇಳ್ತೀನಿ," ಎಂದೆ.

ತಲೆಯಾಡಿಸಿ ಹೊರಗೆ ಕಾಲಿಟ್ಟರು. ಹಿಂದಿರುಗಿ ನೋಡಲಿಲ್ಲ. ಕದವನ್ನು ಮಾತ್ರ ಸದ್ದಾಗದಂತೆ, ಬಹಳ ಹುಷಾರಾಗಿ, ಹೊರಗಿನಿಂದ ಎಳೆದುಕೊಂಡರು.