ಸದ್ದು ಮಾಡುವ ಬಾಗಿಲು

ನಮ್ಮ ಬೀದಿಯ ಬಡಗಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕೆಂದರೂ ಇನ್ನೊಬ್ಬರ ಕೈ ಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ಸೊಸೆ ಒಬ್ಬಳೇ ಎತ್ತಿ ಎತ್ತಿ ತನ್ನ ಸೊಂಟವನ್ನೂ ಹಿಡಿಸಿಕೊಂಡಳು.

"ಇನ್ನು ನೀನೂ ಮಲಗಿದರೆ ನಮ್ಮಿಬ್ಬರನ್ನ ಎತ್ತೋಕೆ ಕ್ರೇನೇ ತರಿಸಬೇಕು ಕಣೇ," ಎಂದರು ಅತ್ತೆ. "ಓಡಾಡೋ ಹಾಗಾಗೋವರೆಗೆ ನನ್ನನ್ನ ವಯಸ್ಸಾದವರ ನರ್ಸಿಂಗ್ ಹೋಮಿಗೆ ಸೇರಿಸಿ. ಆದರೆ ಕೂಗಿದರೆ ಓ ಅನ್ನೋರು ಇರಬೇಕು, ಅಷ್ಟೇ."

ಬಡಗಿ ಮರುದಿನವೇ ಒಂದನ್ನು ನೋಡಿಕೊಂಡು ಬಂದ. ಮುಖ ಅರಳಿತ್ತು.

"ಎಂಥಾ ಬಾಗಿಲು ಅಂತೀಯ! ಬೆರಳಲ್ಲಿ ತಳ್ಳಿದರೆ ಸಾಕು, ಚೂರೂ ಸದ್ದಿಲ್ಲ. ಗೋಡೆ ಮೇಲೆ ತಪಾಸಣೆ ಪತ್ರ ತೂಗುಹಾಕಿದ್ದಾರೆ, ಅದಕ್ಕೂ ತೇಗದ ಚೌಕಟ್ಟು."

"ನೀವು ಅತ್ತೆಗೆ ಜಾಗ ನೋಡೋಕೆ ಹೋಗಿದ್ರೋ, ಬಾಗಿಲು ಕೊಳ್ಳೋಕೋ?" ಎಂದಳು ಹೆಂಡತಿ.

ಎದುರು ಮನೆಯ ನಿವೃತ್ತ ನರ್ಸ್ ಬಟ್ಟೆ ಒಣಹಾಕುತ್ತ ಇದನ್ನೆಲ್ಲ ಕೇಳಿಸಿಕೊಂಡರು. ಬೀದಿಗೆಲ್ಲ ಅವರು ಸಿಸ್ಟರಕ್ಕ. ಹೆಸರಲ್ಲೇ ಎರಡು ಸಲ ಅಕ್ಕ ಇರುವುದರಿಂದ ಗದರಿಸುವ ಹಕ್ಕೂ ಎರಡು ಪಟ್ಟು.

"ಚೌಕಟ್ಟು ನೋಡಿದೆ ಸರಿ, ಒಳಗಿರೋದು ಓದಿದೆಯೇನಪ್ಪಾ?"

"ಅಧಿಕಾರಿಗಳೇ ಸಹಿ ಹಾಕಿದ್ದಾರೆ. ಇನ್ನೇನಕ್ಕಾ ಓದೋದು?"

"ನರ್ಸ್ ಇದ್ದಾರಾ ಅಂತ ಕೇಳಿದೆಯಾ?"

"ಕೇಳದೆ ಬರ್ತೀನಾ? ಇದ್ದಾರೆ ಅಂದ್ರು."

"ಇದ್ದಾರೆ ಅನ್ನೋಕೇನು, ಬಾಯಿದ್ದರೆ ಸಾಕು. ನಾಳೆ ಊಟದ ಹೊತ್ತಿಗೆ ಹೇಳದೆ ಕೇಳದೆ ಹೋಗೋಣ ನಡಿ. ಎಷ್ಟು ಕೈ ಇದೆ ಅಂತ ಆಗ ತಾನಾಗೇ ಗೊತ್ತಾಗುತ್ತೆ."

ಹೋದರು. ಬಾಗಿಲು ನಿಜಕ್ಕೂ ಸದ್ದು ಮಾಡಲಿಲ್ಲ. ಒಳಗೆ ಉದ್ದಕ್ಕೂ ಮಂಚಗಳು, ಪಕ್ಕದಲ್ಲಿ ಆರುತ್ತಿದ್ದ ಊಟದ ತಟ್ಟೆಗಳು. ಆಯಾ ಒಬ್ಬಳೇ ಇಲ್ಲೊಬ್ಬರಿಗೆ ತುತ್ತು ಕೊಟ್ಟು ಅಲ್ಲೊಬ್ಬರ ಕಡೆ ಓಡುತ್ತಿದ್ದಳು. ಕಿಟಕಿ ಬಳಿಯ ಅಜ್ಜ ನೀರು, ನೀರು ಎನ್ನುತ್ತಲೇ ಇದ್ದರು. ಸಿಸ್ಟರಕ್ಕ ಅವರಿಗೆ ನೀರು ಕುಡಿಸಿ, ಮೇಜಿನ ಹಿಂದೆ ಕೂತವರನ್ನು ಕೇಳಿದರು:

"ನರ್ಸ್ ಇದ್ದಾರಾ?"

"ಇದ್ದಾರೆ ಮೇಡಂ."

"ಕರೀರಿ, ಮಾತಾಡಬೇಕು."

"ಈಗ ಇಲ್ಲ... ಡ್ಯೂಟಿ ಪಟ್ಟಿಯಲ್ಲಿ ಇದ್ದಾರೆ."

"ಪಟ್ಟಿ ಬಂದು ಮಗ್ಗುಲು ಬದಲಿಸುತ್ತಾ? ಹೋಗಲಿ, ಮಾಲೀಕರು?"

"ಯಾರೋ ಕಂಪನಿಯವರು ಇದ್ದಾರೆ. ಹೋದ ವರ್ಷ ಕೊಂಡುಕೊಂಡರು. ನಾನೂ ನೋಡಿಲ್ಲ."

ಬಡಗಿ ಗೋಡೆಯ ಹತ್ತಿರ ಹೋಗಿ, ಚೌಕಟ್ಟು ಬಿಟ್ಟು ಪತ್ರ ಓದಿದ. ಅದು ಹಳೆಯ ಮಾಲೀಕರ ಕಾಲದ್ದು!

"ಆಮೇಲೆ ತಪಾಸಣೆ ಆಗಿಲ್ವಾ?"

"ಆಗಿದೆ ಸಾರ್."

"ಏನಂತ ಬರೆದಿದ್ದಾರೆ?"

ಅವರು ಮೇಜಿನ ಖಾನೆ ಎಳೆದರು, ಮುಚ್ಚಿದರು. ಆ ವರದಿ ಸಿಗಲಿಲ್ಲ.

ತಪಾಸಣೆ ಮಾಡುವ ಕಚೇರಿಯಲ್ಲಿ ಸಿಕ್ಕಿತು. ಕೇಳಿದ್ದಕ್ಕೆ ಗುಮಾಸ್ತರು ತೆಗೆದು ತೋರಿಸಿದರು. ಮಾಲೀಕರು ಬದಲಾದ ಮೇಲೆ ನರ್ಸುಗಳು ಸಾಲುತ್ತಿಲ್ಲ, ಮಲಗಿದವರಿಗೆ ಬೆನ್ನಿನ ಹುಣ್ಣು ಹೆಚ್ಚಾಗಿದೆ ಎಂದಿತ್ತು. ಸಿಸ್ಟರಕ್ಕ ನೀರು ಕೇಳುತ್ತಿದ್ದ ಅಜ್ಜನ ವಿಷಯವನ್ನೂ ಅಲ್ಲೇ ದೂರು ಕೊಟ್ಟರು.

"ಅಮ್ಮನ್ನ ಅಲ್ಲಿ ಬಿಟ್ಟು ಬಂದುಬಿಡ್ತಿದ್ದೆನಲ್ಲಕ್ಕಾ," ಎಂದ ಬಡಗಿ.

"ಬಿಟ್ಟಿಲ್ವಲ್ಲ. ನಡಿ, ಇನ್ನೊಂದು ನೋಡೋಣ."

ಇನ್ನೊಂದರ ಬಾಗಿಲು ತಳ್ಳಿದರೆ ಕಿರ್ರೋ ಎಂದಿತು. ಬಡಗಿಗೆ ಹಲ್ಲು ಜುಮ್ಮೆಂದಿತು. ಆದರೂ ಈ ಸಲ ತಾನೇ ಕೇಳಿದ, "ನರ್ಸ್ ಇದ್ದಾರಾ?"

"ಇಲ್ಲೇ ಇದ್ದೀನಿ, ಕೈ ತೊಳ್ಕೊಂಡು ಬಂದೆ!" ಎಂದು ಒಳಗಿನಿಂದ ಒಂದು ದನಿ. ಇನ್ನೊಬ್ಬ ನರ್ಸ್ ಅಜ್ಜಿಯೊಬ್ಬರನ್ನು ಊಟಕ್ಕೆ ಎಬ್ಬಿಸಿ ಕೂರಿಸುತ್ತಿದ್ದರು. ಮಾಲೀಕರಾದ ಹೆಂಗಸು ಮಹಡಿಯಿಂದ ಇಳಿದು ಬಂದು, ತಪಾಸಣೆಯ ಹಾಳೆಗಳನ್ನು ತಾವೇ ಮುಂದಿಟ್ಟರು. ಬಚ್ಚಲಲ್ಲಿ ಹಿಡಿಕೆ ಇಲ್ಲ ಎಂದು ಬರೆದಿತ್ತು.

"ಇವರದ್ದೂ ತಪ್ಪಿದೆಯಲ್ಲಕ್ಕಾ!" ಬಡಗಿ ಪಿಸುಗುಟ್ಟಿದ.

"ಹಾಳೆ ತಿರುವಿ ನೋಡು."

ಮುಂದಿನ ತಪಾಸಣೆಯಲ್ಲಿ, ಹಿಡಿಕೆ ಹಾಕಿಸಿದ್ದಾರೆ ಎಂದಿತ್ತು. ಬಡಗಿ ನೇರ ಬಚ್ಚಲಿಗೆ ಹೋಗಿ ಹಿಡಿಕೆ ಹಿಡಿದು ಜೋತುಬಿದ್ದೇ ನೋಡಿದ. ಅಲ್ಲಾಡಲಿಲ್ಲ.

ಅಮ್ಮನನ್ನು ಅಲ್ಲೇ ಸೇರಿಸಿದರು. ಕೆಲವು ದಿನ ಬಿಟ್ಟು ಹೋದಾಗ ಅವರು ದಿಂಬಿಗೆ ಒರಗಿ ಕೂತು ಪಕ್ಕದ ಮಂಚದವರೊಂದಿಗೆ ನಗುತ್ತಿದ್ದರು. ಬಡಗಿ ಚೀಲದಿಂದ ಎಣ್ಣೆ ತೆಗೆದು ಬಾಗಿಲಿನತ್ತ ನಡೆದ.

"ಅದನ್ನ ಮುಟ್ಟಬೇಡ ಕಣೋ!" ಅಮ್ಮ ಕೂತಲ್ಲಿಂದಲೇ ಗದರಿದರು. "ಕಿರ್ರ್ ಅಂದಾಗಲೆಲ್ಲ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ದಿನವಿಡೀ ಅಂತಾನೇ ಇರುತ್ತೆ."

ಬಡಗಿ ಎಣ್ಣೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರನ್ನು ಎಲ್ಲಿಗಾದರೂ ಸೇರಿಸುವ ಮೊದಲು ಊಟದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಇದ್ದಾರೆ ಎಂದರೆ, ಕರೆಯಿರಿ ಎನ್ನಿ. ತಪಾಸಣೆ ಆಗಿದೆ ಎಂದರೆ, ತೋರಿಸಿ ಎನ್ನಿ. ಮಾಲೀಕರು ಬದಲಾಗಿದ್ದರೆ, ಬದಲಾದ ಮೇಲಿನ ತಪಾಸಣೆಯನ್ನೇ ಕೇಳಿ. ತೋರಿಸದಿದ್ದರೆ ತಪಾಸಣೆ ಮಾಡುವ ಕಚೇರಿಯಲ್ಲೇ ವಿಚಾರಿಸಿ. ತಪ್ಪು ಬರೆದಿದ್ದರೆ, ಸರಿಮಾಡಿದ್ದಾರೋ ಇಲ್ಲವೋ ನೋಡಿ. ಕೇಳಲು ಸಂಕೋಚ ಬೇಡ. ಮಂಚದ ಮೇಲೆ ಮಲಗಿದವರು ಎದ್ದು ಹೋಗಿ ಕೇಳಲಾರರು. ಅವರ ಪರವಾಗಿ ನಾವೇ ಕೇಳಬೇಕು.