ಹೊಸ ಡಿಸ್ಕು ಹಾಕಿದ ಭಾನುವಾರ

ಸದ್ದೇ ಇಲ್ಲವಲ್ಲ, ಕಂಪ್ಯೂಟರ್ ಸತ್ತಿದೆಯೋ ಬದುಕಿದೆಯೋ, ದೀಪ ಉರೀತಿದೆ, ಫ್ಯಾನೂ ತಿರುಗ್ತಿದೆ, ಆದರೆ ಆ ಕರಕರ ಇಲ್ಲ, ಹಳೇ ಡಿಸ್ಕು ಇಲಿ ರಟ್ಟು ಕಡಿದ ಹಾಗೆ ಕಡೀತಾ ಇರೋದು, ಅದು ಮುಗಿಸೋವರೆಗೂ ನಾನು ಲೋಡಿಂಗ್ ಪಟ್ಟಿ ನೋಡ್ತಾ ಕೂರೋದು, ತುಂಬೋದು, ನಿಲ್ಲೋದು, ಮನಸ್ಸು ಬಂದರೆ ಮತ್ತೆ ತುಂಬೋದು — ಇವತ್ತು ಕನ್ನಡಕ ಒರೆಸಿ ಹಾಕ್ಕೊಳ್ಳೋದರೊಳಗೆ ಕೋಟೆ ಬಂದೇಬಿಡ್ತು, ಪಂಜು, ಬಾಗಿಲು, ಬಾಗಿಲ ಪಕ್ಕ ತಮ್ಮ, ತಮ್ಮ ಅಂದರೆ ಆಟದಲ್ಲಿ ಅವನ ಆಳು, ನೀಲಿ ಮೇಲಂಗಿ, ಕೈಯಲ್ಲಿ ಈಟಿ, ನಿಂತಲ್ಲೇ ಉಸಿರಾಡ್ತಿದ್ದಾನೆ, ಹೆಗಲು ಏರುತ್ತೆ, ಇಳಿಯುತ್ತೆ. ಅಬ್ಬಾ, ಇಷ್ಟು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಹೀಗೇ ನಿಂತು ನನಗಾಗಿ ಕಾದನಲ್ಲ ನನ್ನಪ್ಪ, ನಾನು ದಡ್ಡಿ, ಕಂಪ್ಯೂಟರಿಗೆ ರಾಮ್ ಮೆಮೊರಿ ಕಮ್ಮಿ ಇರಬೇಕು ಅಂತ ಅದನ್ನ ದುಪ್ಪಟ್ಟು ಮಾಡಿಸಿದೆ, ಉಪಯೋಗ ಆಗಲಿಲ್ಲ, ಗ್ರಾಫಿಕ್ಸ್ ಕಾರ್ಡು ಹಾಕಿಸಿದೆ, ಯುದ್ಧದ ಮಧ್ಯೆ ಚಿತ್ರ ತಡವರಿಸೋದು ನಿಂತಿತು, ಕಾಯಿಸೋದು ನಿಲ್ಲಲಿಲ್ಲ, ರಿಪೇರಿಯವನು ನಕ್ಕುಬಿಟ್ಟ, ಅಡುಗೆಮನೆ ಎಷ್ಟು ದೊಡ್ಡದಾದ್ರೇನು ಮೇಡಂ, ಉಗ್ರಾಣದಿಂದ ಸಾಮಾನು ತರೋನು ಕುಂಟ್ತಾ ಬಂದ್ರೆ ಅಡುಗೆ ಹೊತ್ತಿಗಾಗುತ್ತಾ, ನಿಮ್ಮದು ತಿರುಗೋ ಡಿಸ್ಕು, ಎಸ್‌ಎಸ್‌ಡಿ ಹಾಕಿಸಿ, ಅದರಲ್ಲಿ ತಿರುಗೋದೇ ಇಲ್ಲ, ಕೇಳಿದ್ದು ತಕ್ಷಣ ಕೈಗೆ ಬರುತ್ತೆ. ಇದನ್ನ ಮೊದಲೇ ಹೇಳೋಕೇನಾಗಿತ್ತಪ್ಪ ಅಂದೆ, ನೀವು ಕೇಳಿದ್ದು ರಾಮ್ ಅಲ್ವಾ ಅಂದ, ಕಿಲಾಡಿ.

ಇರಲಿ, ಇವತ್ತು ತಮ್ಮನ ಬಾಯಿ ಮುಚ್ಚಿಸ್ತೀನಿ, ಒಳಗೆ ಕಾಲಿಟ್ಟ ಕೂಡಲೇ ಆಮೆ ಮಹಾರಾಣಿ ಬಂದ್ರಾ ಅಂತಾನಲ್ಲ, ಕೋಟೆಯೊಳಗೆ ಬಂದ ಮೇಲೇನೇ ಅವನ ದನಿ ಕೇಳೋದು, ಪಟ್ಟಿ ಓಡುವಾಗ ಎಲ್ಲ ಮೌನ, ದಿನವಿಡೀ ಕನ್ನಡಕದಂಗಡಿಯಲ್ಲಿ ಕಂಡೋರ ಮೂಗಿನ ಮೇಲೆ ಗಾಜು ಕೂರಿಸಿ ಈಗ ಕಾಣುತ್ತಾ ಈಗ ಕಾಣುತ್ತಾ ಅಂತ ಕೇಳಿ ಬಾಯಿ ನೋಯುತ್ತೆ, ಮನೆಗೆ ಬಂದರೆ ಆ ಬಾಯಿಗೆ ಕೆಲಸವೇ ಇಲ್ಲ, ಕೆಲವು ಸಲ ಕುಕ್ಕರಿಗೇ ಬೈತೀನಿ, ಯಾರಿಗಾದರೂ ಬೈಬೇಕಲ್ಲ, ಅಕ್ಕಾ ನೀನಿಲ್ದೆ ಈ ಆಟದಲ್ಲಿ ಮಜಾನೇ ಇಲ್ಲ ಅಂತ ಅವನು ಅಂದ ಒಂದು ಮಾತಿನ ಮೇಲೆ ನನ್ನ ವಾರವೆಲ್ಲ ನಿಂತಿದೆ, ಚಿಕ್ಕವನಿದ್ದಾಗ ನನ್ನ ತೊಡೆ ಮೇಲೆ ಕೂತು ಕೀಬೋರ್ಡು ಕುಟ್ಟಿ ಆಡ್ತಿದ್ದೋನು ತಾನೆ — ಲೋ, ನೋಡೋ ಯಾರು ಬಂದಿರೋದು, ಅನ್ನಬೇಕು, ಬಾಯಿ ತೆರೆದೆ, ಅಷ್ಟರಲ್ಲಿ ಲೋಟದ ಸದ್ದು, ಅವನ ಮೈಕು ತೆರೆದೇ ಇದೆ, ದೂರದಲ್ಲಿ ಅವನ ಹೆಂಡತಿ, ವಾರಕ್ಕೊಂದು ರಜೆ, ಅದೂ ಆ ಆಟಕ್ಕೇನಾ, ಮಗಳನ್ನ ಈಜೋಕೆ ಕರ್ಕೊಂಡು ಹೋಗ್ತೀನಿ ಅಂದಿದ್ರಿ. ತಮ್ಮನ ದನಿ, ಏನ್ಮಾಡ್ಲಿ ಹೇಳು, ನಂಗೇನು ಆ ಆಟ ಇಷ್ಟಾನಾ, ಬೇಜಾರು ಬಂದು ಎಷ್ಟು ಕಾಲ ಆಯ್ತು, ಪಾಪ ಅವಳಿಗೆ ಯಾರಿದ್ದಾರೆ, ಒಂದು ಸುತ್ತು ಆಡಿ ಎದ್ದು ಬರ್ತೀನಿ, ಕಾಫಿ ಕೊಡು ಮೊದಲು, ಅವಳ ಮಿಷಿನ್ನು ಇನ್ನೂ ಏದುಸಿರು ಬಿಡ್ತಿರುತ್ತೆ. ಹಿಂದೆಯೇ ಮಗಳು, ಅಪ್ಪಾ, ಅತ್ತೆಗೆ ಫ್ರೆಂಡ್ಸೇ ಇಲ್ವಾ.

ಪಾಪ ಅಂದ. ಬೈದಿದ್ದರೂ ತಡ್ಕೊಳ್ತಿದ್ದೆ, ಪಾಪ ಅನ್ನಬಾರದಿತ್ತು, ಅದನ್ನೂ ಎಷ್ಟು ಮೆತ್ತಗೆ ಅಂದ, ಹಾಳಾದೋನು, ಅವನ ಮೇಲೆ ಸಿಟ್ಟು ಕೂಡ ಬರ್ತಿಲ್ಲ, ಮಗುವಿನ ಈಜು ಕಿತ್ಕೊಂಡು ಕೂತಿದ್ದೀನಿ ನಾನು, ಅವನು ಬಾಗಿಲಲ್ಲಿ ನಿಂತು ಕಾದಿದ್ದೇ ಇಲ್ಲ, ಆಳನ್ನ ಇಲ್ಲಿ ನಿಲ್ಲಿಸಿ ಮನೆಯವರ ಹತ್ತಿರ ಹೋಗ್ತಿದ್ದ, ಪುಣ್ಯಾತ್ಮ ಆ ಹಳೇ ಡಿಸ್ಕು ನನ್ನನ್ನ ಹೊರಗೇ ತಡೆದಿತ್ತು — ಈಗ ಹೊರಟುಬಿಡಬೇಕು, ಅವನು ಪರದೆ ನೋಡೋದರೊಳಗೆ, ಹೊರಗೆ ಸುಮ್ಮನೆ ಕೂತು, ತಡ ಆದ ಹಾಗೆ ಬರಬೇಕು, ಹಾಗೆ ಬಂದರೆ ಮುಂದಿನ ಭಾನುವಾರನೂ ಸಿಗುತ್ತೆ, ಅದರ ಮುಂದಿನದೂ, ಇಲ್ಲೇ ನಿಂತರೆ ಕೇಳಿಸ್ಕೊಂಡೆ ಅಂತ ಗೊತ್ತಾಗುತ್ತೆ, ಮಗು ಈಜೋಕೆ ಹೋಗುತ್ತೆ, ನನಗೆ ಭಾನುವಾರವೇ ಇರಲ್ಲ, ಬೆರಳು ಆಟದಿಂದ ಹೊರಬೀಳೋ ಗುಂಡಿ ಮೇಲೇ ಇದೆ, ಒತ್ತೇ, ಒತ್ತೇ ಮಾರಾಯ್ತಿ, ಅಲ್ಲಿ ಕುರ್ಚಿ ಎಳೆದ ಸದ್ದು, ಚಪ್ಪಲಿ ಸದ್ದು, ಬರ್ತಿದ್ದಾನೆ, ಇಲ್ಲಿ ಈ ಆಳು ಮಾತ್ರ ನನ್ನನ್ನೇ ನೋಡ್ತಾ ನಿಂತಿದ್ದಾನೆ, ನೀಲಿ ಮೇಲಂಗಿ, ಹೆಗಲು ಏರುತ್ತೆ, ಇಳಿಯುತ್ತೆ, ಒಳಗೆ ಯಾರೂ ಇಲ್ಲ, ಏರುತ್ತೆ, ಇಳಿಯುತ್ತೆ