ಮೆರವಣಿಗೆಗೆ ಹೋದ ರೇಸ್ ಕಾರು

ಅರವತ್ನಾಲ್ಕನೇ ಇಸವಿಯ ಮಾಘದಲ್ಲಿ, ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಮದುವಣಿಗನ ಮೆರವಣಿಗೆ ಹೊರಟಿತ್ತು. ಕಾರು ಓಡಿಸುತ್ತಿದ್ದವನು ಶಿವಮೊಗ್ಗದ ಷಡಕ್ಷರಿ. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಅದು ಮದುವೆಯ ಕಾರಲ್ಲ, ರೇಸಿನ ಕಾರು. ಹಳೆಯ ಫಿಯೆಟ್ಟಿನ ಹಿಂದಿನ ಸೀಟು ಕಿತ್ತು, ಇಂಜಿನ್ ಬಿಚ್ಚಿ ಜೋಡಿಸಿ, ವರ್ಷವಿಡೀ ಒದ್ದಾಡಿ ಅದನ್ನು ಹದಕ್ಕೆ ತಂದವನು ಅವನೇ. ಭಾನುವಾರ ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ರೇಸು. ನಾಳೆ ಬೆಳಗ್ಗೆ ಹೊರಡಬೇಕು. ಜೀವಮಾನದಲ್ಲಿ ಮೊದಲ ಸಲ ಅಲ್ಲಿ ಸ್ಟೇರಿಂಗ್ ಅವನ ಕೈಗೆ ಬರುವುದಿತ್ತು.

ಅವರದು ರೇಸಿನ ಮನೆತನ. ಅಜ್ಜ ಮೋಟಾರ್ ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ಬೆಳ್ಳಿ ಬಟ್ಟಲು ಗೆದ್ದವರು. ಅಪ್ಪ ಶಿವಮೂರ್ತಪ್ಪನವರ ಕಪ್ಪುಗಳಿಗೆ ಗಾಜಿನ ಬೀರು ಸಾಲದೆ, ದೇವರ ಮನೆಯ ಗೂಡಿಗೂ ಎರಡು ಹೋಗಿ ಕೂತಿದ್ದವು. ಇಂಥ ಮನೆಯ ಹುಡುಗ ಇಷ್ಟು ವರ್ಷ ಮಾಡಿದ್ದೇನು? ಕಾರು ತಳ್ಳಿದ್ದು! ಹೋದ ವರ್ಷ ರೇಸಿಗೆ ಅವನ ಹೆಸರನ್ನೇ ಕೊಟ್ಟಾಗಿತ್ತು. ಅಲ್ಲಿಗೆ ಹೋದ ಮೇಲೆ ಅಪ್ಪ ತಾವೇ ಹೆಲ್ಮೆಟ್ ಹಾಕಿಕೊಂಡು, "ಇಳಿಯೋ, ಟ್ರ್ಯಾಕ್ ಜಾರುತ್ತೆ. ನಾನು ಕೂತ್ಕೊಳ್ತೀನಿ, ನೀನು ತಳ್ಳು" ಎಂದಿದ್ದರು. ಅದರ ಹಿಂದಿನ ವರ್ಷ ಇನ್ನೊಂದು ನೆಪ.

"ಈ ಸಲ ನಿಂದೇ ಮಾರಾಯ" ಎಂದು ಈಗ ಅವರೇ ಹೇಳಿದ್ದರು. ಅಷ್ಟರಲ್ಲಿ ಅವರ ಗೆಳೆಯ, ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಫೋರ್‌ಮನ್ ಶಿವಯೋಗಪ್ಪ ಬಂದು, ಮಗನ ಮೆರವಣಿಗೆಗೆ ಆ ಕಾರೇ ಬೇಕು ಅಂದರು. ಅಪ್ಪ ಷಡಕ್ಷರಿಯನ್ನು ಒಂದು ಮಾತೂ ಕೇಳದೆ ವೀಳ್ಯ ತೆಗೆದುಕೊಂಡೇಬಿಟ್ಟರು.

"ಅಪ್ಪಾಜಿ, ಈ ಕಾರು ನಿಧಾನಕ್ಕೆ ಹೋಗಲ್ಲ. ಕ್ಲಚ್ ಸುಟ್ಟುಹೋಗುತ್ತೆ."

"ಎರಡು ಬೀದಿ ತಾನೆ? ವೀಳ್ಯ ತಗೊಂಡಾಗಿದೆ. ಈಗ ಇಲ್ಲ ಅನ್ನಕ್ಕಾಗುತ್ತಾ?"

ಆ ಎರಡು ಬೀದಿ ಐದಾದವು. ಪ್ರತಿ ಸರ್ಕಲ್ಲಿನಲ್ಲೂ ಬ್ಯಾಂಡಿನವರು ನಿಂತು ಊದಿದರು. ಕ್ಲಚ್ಚನ್ನು ಅರ್ಧ ಒತ್ತಿ ಒತ್ತಿ ಷಡಕ್ಷರಿಯ ಎಡಗಾಲು ನಡುಗುತ್ತಿತ್ತು. ಮುಂದೆ ಶಲ್ಯ ಹೊದ್ದ ಅಪ್ಪ ಕೈ ಬೀಸಿ, "ನಿಧಾನ, ನಿಧಾನ!" ಅನ್ನುತ್ತಿದ್ದರು. "ಶಿವಮೂರ್ತಪ್ಪೋರ ಕಾರು ನೋಡ್ರೋ" ಎಂದು ಜನ ಬಾಯಿಬಿಟ್ಟುಕೊಂಡು ನೋಡಿದರು. ಓಡಿಸುವವನ ಮುಖ ಯಾರಿಗೆ ಬೇಕು?

ಪಕ್ಕದಲ್ಲಿ ಕೂತಿದ್ದ ಮದುವಣಿಗ ಮೂಗು ಮುಚ್ಚಿಕೊಂಡ. "ಏನೋ ಸುಟ್ಟ ವಾಸನೆ ಅಲ್ವಾ?"

"ನನ್ನ ಹಣೆಬರಹ" ಎಂದ ಷಡಕ್ಷರಿ.

ಛತ್ರ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಇಂಜಿನ್ ಅರಚಿತು, ಕಾರು ಮಾತ್ರ ಕದಲಲಿಲ್ಲ. ಕ್ಲಚ್ ಪ್ಲೇಟ್ ಹೋಗಿತ್ತು. ಅದು ಬೊಂಬಾಯಿಯಿಂದ ಬರಬೇಕು, ಭಾನುವಾರದೊಳಗೆ ಬರುವ ಮಾತೇ ಇಲ್ಲ. ಅಪ್ಪ ಬಗ್ಗಿ ವಾಸನೆ ನೋಡಿದರು. "ಹೋಗ್ಲಿ ಬಿಡೋ. ಮುಂದಿನ ವರ್ಷ ಇದ್ದೇ ಇದೆಯಲ್ಲ" ಎಂದರು, ಸೀರೆಯ ಸೆರಗು ಹರಿದವಳಿಗೆ ಸಮಾಧಾನ ಹೇಳುವ ಹಾಗೆ.

ಶಿವಯೋಗಪ್ಪ ಓಡಿ ಬಂದರು. "ಎಷ್ಟು ಚೆನ್ನಾಗಿ ಓಡಿಸ್ತಾನ್ರೀ ನಿಮ್ಮ ಹುಡುಗ! ಒಂದು ಚೂರು ಕುಲುಕಲಿಲ್ಲ. ನಮ್ಮ ಚಿಕ್ಕೋನ ಮದುವೆಗೂ ಇವನೇ ಬರಬೇಕು."

"ಬರ್ತಾನೆ ಬಿಡಿ" ಎಂದರು ಅಪ್ಪ. ಆಗಲೂ ಮಗನ ಕಡೆ ತಿರುಗಿ ನೋಡಲಿಲ್ಲ. ನಂತರ ಕಾರಿನ ಬಾಗಿಲು ತೆಗೆದರು. "ಇಳಿಯೋ. ನಾನು ಸ್ಟೇರಿಂಗ್ ಹಿಡೀತೀನಿ, ನೀನು ತಳ್ಳು."

ಷಡಕ್ಷರಿ ಇಳಿಯಲಿಲ್ಲ.

"ಈ ಸಲ ನಿಂದೇ ಅಂದಿದ್ರಿ, ಅಪ್ಪಾಜಿ. ನೀವು ತಳ್ಳಿ."

ಅಪ್ಪನ ಮುಖ ಕೆಂಪಾಯಿತು. ಬೀಗರು ನೋಡುತ್ತಿದ್ದರು, ಬೈಯುವ ಹಾಗಿರಲಿಲ್ಲ. ಅಪ್ಪ ಶಲ್ಯವನ್ನು ಸೊಂಟಕ್ಕೆ ಬಿಗಿದುಕೊಂಡು ನಿಧಾನವಾಗಿ ಕಾರಿನ ಹಿಂದಕ್ಕೆ ಹೋದರು.

ಕಾರು ಅಲುಗಿತು. ಷಡಕ್ಷರಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದ. ಗೆದ್ದೆ ಅನ್ನಿಸಬೇಕಿತ್ತು, ಅಳು ಬಂತು.

ಮದುವಣಿಗ ಬಾಸಿಂಗ ಸರಿಮಾಡಿಕೊಂಡ. "ಸ್ವಲ್ಪ ಜೋರಾಗಿ ತಳ್ಳೋಕೆ ಹೇಳಿ" ಎಂದ, "ಹೊತ್ತಾಯ್ತು."